ನೀಲಮಳ ಪಾಸ್‌ಬುಕ್

8 ಜನವರಿ, ನಿಪ್ಪಾಣಿ. ಸಂಜೆ

ಮತ್ತೆ ಅದೇ. ಹಳದಿ ಚೀಟಿ, ನೀಲಿ ಚೀಟಿ, ಗೋಡೆ ತುಂಬ. ರೂಮಿನ ಮಾಲಕರು ಇಣುಕಿ, "ಲಗ್ನದ ಯಾದಿ ಏನ್ರಿ?" ಅಂದರು. ಇಲ್ಲ, ಎಂ.ಬಿ.ಎ. ಪ್ರಾಜೆಕ್ಟು. ಆಸ್ಪತ್ರೆಯಲ್ಲಿ ಡಿಸೈನ್ ಥಿಂಕಿಂಗ್. ಡಿಸೈನ್ ನನ್ನ ಪ್ರಾಜೆಕ್ಟಿನ ಜೊತೆಗಾರ ಸುರಜಂದು, ಥಿಂಕಿಂಗ್ ನಂದು, ಚಹಾ ಇಬ್ಬರದೂ. ಮೊದಲ ಮೆಟ್ಟಿಲು ಎಂಪಥಿಯಂತೆ, ಎದುರಿನವರ ಕಷ್ಟ ಅರಿಯುವುದು. ಅಲೋಪಥಿ, ಹೋಮಿಯೋಪಥಿ ಆದಮೇಲೆ ಇದೊಂದು ಬಾಕಿ ಇತ್ತು.

ಪ್ರಶ್ನೆ ಮಾತ್ರ ತಮಾಷೆಯದಲ್ಲ. ಬೀಡಿ ಸುತ್ತುವ ಬಸುರಿಯರು ಬೀಪಿ ತಪಾಸಣೆಗೆ ಯಾಕೆ ಬರೋದಿಲ್ಲ?

ಉತ್ತರ ನೀಲಮ ಕೊಟ್ಟಳು. ಇಪ್ಪತ್ತಮೂರು ವರ್ಷ, ಏಳನೇ ತಿಂಗಳು. ಮಾತಾಡುವಾಗಲೂ ಬೆರಳು ನಿಲ್ಲಲಿಲ್ಲ.

"ದವಾಖಾನಿ ತಗಿಯೂದೂ ಮುಂಜಾನಿ, ಕಂಪನಿ ಬ್ರಾಂಚಿನ್ಯಾಗ ಬೀಡಿ ತಗೊಳ್ಳೂದೂ ಮುಂಜಾನಿ. ನಾ ಏನ್ ಎರಡ ಆಗಲೇನ್ರಿ ಮ್ಯಾಡಮ್?"

"ಈಗಾಗ್ಲೇ ಎರಡ ಆಗೀಯಲ್ಲವಾ," ಅಂದೆ. ನಕ್ಕಳು. ಆಮೇಲೆ ಮೆಲ್ಲಗೆ — "ಮೊದಲನೇದು ಉಳೀಲಿಲ್ರಿ. ಬೀಪಿ ಏರಿತ್ತಂತ. ಯಾರಿಗೂ ಗೊತ್ತs ಆಗ್ಲಿಲ್ಲ."

13 ಜನವರಿ

ಐಡಿಯಾ! ಬೀಡಿ ಒಪ್ಪಿಸುವ ಬ್ರಾಂಚಿಗೇ ಯಂತ್ರ ಒಯ್ಯುವುದು. ಬೀಡಿ ಕೊಡ್ರಿ, ಬೀಪಿ ಒಯ್ಯಿರಿ. ಸುರಜ ಕುಣಿದ.

ಹೆಂಗಸರನ್ನು ಕೇಳಿದೆ. ತಕರಾರು ಎರಡು. ಬ್ರಾಂಚಿನ ಗಂಡಸರ ಮುಂದೆ ತೋಳು ತೋರಿಸೋದಿಲ್ಲ. ಇನ್ನೊಂದು ನೀಲಮಳ ಅತ್ತೆ ಲಕ್ಷ್ಮಿಬಾಯಿಯದು: "ಬಸುರಿ ಅಂತ ಚೀಟಿ ಗೀಟಿ ಹಚ್ಚಬ್ಯಾಡ್ರಿ. ಪಾಳೇದಾಗ ನೂರಾ ಎಂಟ ಕಣ್ಣ. ದೃಷ್ಟಿ ಆಗತೈತಿ."

ಸರಿ. ಹಾಗಾದರೆ ಪರದೆ. ಪರದೆಗೊಂದು ಕಿಂಡಿ, ಕಿಂಡಿಯಿಂದ ತೋಳು ಮಾತ್ರ ಈಚೆ. ಹೆಸರು ಕೇಳುವಂತಿಲ್ಲ, ಬಸುರಿಯೇ ಅಂತ ಕೇಳುವಂತಿಲ್ಲ. ಕೊಟ್ಟ ಬೀಡಿ ನಮೂದಿಸುವ ಪಾಸ್‌ಬುಕ್ ಹೇಗೂ ಕೈಯಲ್ಲಿರುತ್ತದೆ, ಅದರ ನಂಬರ್ ಸಾಕು. ಕಾಲೇಜಿನ ಗೈಡ್ ಫೋನಿನಲ್ಲಿ, "ಇದು ನಿಜವಾದ ಎಂಪಥಿ." ಬೆನ್ನು ತಟ್ಟಿಕೊಳ್ಳೋಕೆ ಎರಡು ಕೈ ಸಾಲಲಿಲ್ಲ.

16 ಜನವರಿ, ಗುರುವಾರ

ಮೊದಲ ದಿನ. ನರ್ಸಿಂಗ್ ಮುಗಿಸಿದ ಹುಡುಗ ಶುಭಮ ಪರದೆಯ ಈಚೆ. ಒಂದಾದಮೇಲೊಂದು ಬಳೆ ತುಂಬಿದ ತೋಳು. "ಹಿಂಗs ನಡೀತಂದ್ರ ನಾ ಬಳಿಗಾರ ಆಗ್ತೀನ್ರಿ ಮ್ಯಾಡಮ್," ಅಂದ. 41 ಪಾಸ್‌ಬುಕ್, 41 ಬೀಪಿ. ಪಾಳಿ ಎಲ್ಲೂ ನಿಲ್ಲಲಿಲ್ಲ. ಪ್ರತಿ ಗುರುವಾರ ಹೀಗೇ.

6 ಫೆಬ್ರವರಿ

ಮೂರು ವಾರ ಡೈರಿ ಇಲ್ಲ. ಗೆಲ್ಲುವವರಿಗೆ ಪುರುಸೊತ್ತೆಲ್ಲಿ!

ಹಾಜರಿ ನೂರಕ್ಕೆ ನೂರು. ನೀಲಮಳ ನಂಬರಿಗೆ — 114/74, 112/72, 116/74, ಇವತ್ತು 112/72. ಹನ್ನೆರಡನೇ ತಾರೀಖು ಚಿಕ್ಕೋಡಿಯಲ್ಲಿ ಆರೋಗ್ಯ ಅಧಿಕಾರಿಗಳ ಮುಂದೆ ಪ್ರೆಸೆಂಟೇಶನ್. ಒಪ್ಪಿದರೆ ಅಥಣಿ, ರಾಯಬಾಗ, ಕಾಗವಾಡದ ಕಬ್ಬು ಕಡಿಯುವ ಗ್ಯಾಂಗುಗಳಿಗೂ ಇದೇ ಪರದೆ. ನಮ್ಮೂರು ಅಥಣಿಗೆ ಪರದೆ ಹೊತ್ತು ಹೋಗುವ ಮಗಳು... ಅಪ್ಪನಿಗೆ ಇನ್ನೂ ಹೇಳಿಲ್ಲ.

10 ಫೆಬ್ರವರಿ, ಮಧ್ಯಾಹ್ನ 3:30

ಸ್ಲೈಡಿಗೆ ಒಂದು ಫೋಟೋ ಬೇಕಿತ್ತು. ನೀಲಮಳ ಮನೆಗೆ ಹೋದೆ.

ಮಲಗಿದ್ದಳು. ಪಾದ ಬಾತು ಬೆಲ್ಲದ ಪೆಂಟೆ. ಮುಖವೂ. "ಎರಡ ದಿನ ಆತ್ರಿ, ತಲಿ ಸೀಳಿದಂಗ ಆಗತೈತಿ. ಕಣ್ಣ ಮುಂದ ಮಿಂಚ ಹೊಡದಂಗ..."

ಬ್ಯಾಗಿನಲ್ಲಿ ಯಂತ್ರ ಇತ್ತು. 174/112. ಮತ್ತೆ ಹಾಕಿದೆ. 176/112.

"ಗುರುವಾರ 112/72 ಇತ್ತಲ್ಲ ನೀಲಮ!"

ಆಕೆ ಅತ್ತೆಯ ಕಡೆ ನೋಡಿದಳು.

"ಅದು ನಂದ್ರಿ," ಲಕ್ಷ್ಮಿಬಾಯಿ ಅಂದಳು. "ಈಕಿಗೆ ನಡ್ಯಾಕ ಆಗವಲ್ದು. ಬೀಡಿ ನಾ ಒಯ್ತೀನಿ. ಪಾಸ್‌ಬುಕ್ ಕೊಟ್ಟೆ. ಕೈ ಅಂದ್ರು, ಕೈ ಕೊಟ್ಟೆ. ಈಕೀದು ಹಾಜರಿ ತಪ್ಪಬಾರದಲ್ರಿ."

"ನಾಲ್ಕೂ ವಾರ?"

"ಹೂಂ ಮತ್ತ. ಒಂದs ಪಾಸ್‌ಬುಕ್ ಮ್ಯಾಲ ಮನ್ಯಾಗ ಮೂರ ಮಂದಿ ಸುತ್ತತೀವಿ. ಯಾರ ಕೈ ಅಂತ ಬ್ರಾಂಚಿನ್ಯಾಗ ಯಾರ್ ಕೇಳ್ತಾರ್ರಿ?"

ನಾನೂ ಕೇಳಲಿಲ್ಲ. ಕೇಳದ ಹಾಗೆ ಡಿಸೈನ್ ಮಾಡಿದ್ದೇ ನಾನು.

108ಕ್ಕೆ ಫೋನ್ ಮಾಡಿದ್ದೇನೆ. ಕಾಯುತ್ತಾ ಬರೆಯುತ್ತಿದ್ದೇನೆ. ಬೇರೇನು ಮಾಡಲಿ.

ಸಂಜೆ 6:10, ಚಿಕ್ಕೋಡಿ ಆಸ್ಪತ್ರೆ

ಡಾಕ್ಟರ್ ನನ್ನ ಚಾರ್ಟ್ ನೋಡಿದರು. "ನಾಲ್ಕು ದಿನದಾಗ ಇಷ್ಟ ಏರಿತಾ?"

ಸುಮ್ಮನಿರಬಹುದಿತ್ತು.

"ಅದು ಇವಳದಲ್ಲ ಸರ್. ಅತ್ತೆಯದು."

ಚಾರ್ಟ್ ಮಡಚಿ ನನ್ನ ಕೈಗೇ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಫಿಟ್ಸ್ ಬರದಂತೆ ಇಂಜೆಕ್ಷನ್ ಕೊಟ್ಟಿದ್ದಾರೆ. ನಾಳೆ ಆಪರೇಷನ್ ಮಾಡಿ ಕೂಸು ತೆಗೆಯುವುದಂತೆ. ಎಂಟನೇ ತಿಂಗಳು ಇನ್ನೂ ನಡೆದಿದೆ.

ಸುರಜನ ಫೋನು. "ಒಂದ ಕೇಸ್, ಮನೀಷಾ. ನಲವತ್ತೊಂದರಾಗ ಒಂದ. ಲೆಕ್ಕದಿಂದ ತಗದ ಹಾಕು."

"ಒಂದಲ್ಲೋ, ಎರಡು ಜೀವ." ಇಟ್ಟುಬಿಟ್ಟೆ.

11 ಫೆಬ್ರವರಿ, ಮಧ್ಯಾಹ್ನ

ಬೆಳಗಿನಿಂದ ಆಶಾ ಕಾರ್ಯಕರ್ತೆ ಸುಗಂಧಾ ಜತೆ ನಿಪ್ಪಾಣಿಯಲ್ಲಿ ಮನೆ ಮನೆ. ಅವಳ ಪಟ್ಟಿಯಲ್ಲಿ ನೀಲಮ ಬಿಟ್ಟು ಐದು ಬಸುರಿಯರು. ಮುಖ ನೋಡಿ, ಹೆಸರು ಕೇಳಿ, ಬೀಪಿ. ಇಬ್ಬರು ತಾವೇ ಬಂದಿದ್ದರಂತೆ. ಉಳಿದ ಮೂವರ ಬದಲು ತೋಳು ಕೊಟ್ಟದ್ದು ನಾದಿನಿ, ನೆಗೆಣ್ಣಿ, ಒಬ್ಬಳು ಅಜ್ಜಿ. ಒಬ್ಬಳಿಗೆ 152/100. ತಕ್ಷಣ ದವಾಖಾನೆಗೆ ಕಳಿಸಿದೆವು.

"ನನಗ ಒಂದ ಮಾತ ಕೇಳಿದ್ರ ಹೇಳತಿದ್ದೆ," ಅಂದಳು ಸುಗಂಧಾ. "ನೀವು ಚೀಟಿ ಹಚ್ಚಿದ ಗ್ವಾಡಿ ಕೇಳಿದ್ರಿ."

ನಗು ಬರಲಿಲ್ಲ. ಈ ಮಾತು ನನಗೆ ನಾನೇ ಹೇಳಿಕೊಳ್ಳಬೇಕಿತ್ತು, ತಿಂಗಳ ಹಿಂದೆ.

ಸಂಜೆ 4:00, ಚಿಕ್ಕೋಡಿ ಆಸ್ಪತ್ರೆ

ಹೆಣ್ಣು. ಒಂದು ಕೆಜಿ ಏಳುನೂರು ಗ್ರಾಂ. ಅತ್ತಿತು.

ನೀಲಮಳಿಗೆ ಆಪರೇಷನ್ ಟೇಬಲ್ ಮೇಲೆ ಫಿಟ್ಸ್. ಇನ್ನೂ ಎಚ್ಚರ ಇಲ್ಲ.

12 ಫೆಬ್ರವರಿ, ಬೆಳಿಗ್ಗೆ 10:35

ಹನ್ನೊಂದು ಗಂಟೆಗೆ ಪ್ರೆಸೆಂಟೇಶನ್. ನಾನು ಹೋಗುವುದಿಲ್ಲ. ಸುರಜನಿಗೆ ಒಂದೇ ಸ್ಲೈಡ್ ಕಳಿಸಿದೆ. ಅತ್ತೆ 112/72. ಸೊಸೆ 174/112. ಪಾಸ್‌ಬುಕ್ ಒಂದೇ. ಕೆಳಗೆ, ತಪ್ಪು ಯಾರದು ಅಂತ ನನ್ನ ಹೆಸರು.

"ಮುಗೀತು ನಮ್ಮ ಕತಿ," ಅಂದ. ಆಮೇಲೆ, "ತೋರಸ್ತೀನಿ ಬಿಡು."

ಎಂಟಕ್ಕೆ ನೀಲಮ ಕಣ್ಣು ಬಿಟ್ಟಳು. ಮೊದಲ ಮಾತು — "ಅತ್ತಿ, ಬೀಡಿ ಕೊಟ್ಟ ಬಂದ್ರೇನ?"

"ಕೊಟ್ಟ ಬಂದೆವಾ," ಅಂದಳು ಲಕ್ಷ್ಮಿಬಾಯಿ. ಎರಡು ದಿನದಿಂದ ಆಸ್ಪತ್ರೆ ಬಿಟ್ಟು ಕದಲಿಲ್ಲ ಆಕೆ.

ಈಗ ಮತ್ತೆ ತಲೆನೋವು. ಮತ್ತೆ ಕಣ್ಣ ಮುಂದೆ ಮಿಂಚು. ಕೆಳಗಿನ ನಂಬರ್ ನೂರು ದಾಟಿದರೆ ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು ಅಂದಿದ್ದಾರೆ ಡಾಕ್ಟರ್. ಆಂಬ್ಯುಲೆನ್ಸ್ ಬಾಗಿಲಲ್ಲೇ ನಿಂತಿದೆ.

ಸಿಸ್ಟರ್ ನೀಲಮಳ ತೋಳಿಗೆ ಬೀಪಿ ಪಟ್ಟಿ ಸುತ್ತಿದರು. "ಮ್ಯಾಡಮ್, ಖಾಲಿ ಕುಂತೀರಿ, ಬರಕೊಳ್ರಿ." ಕೈಯಲ್ಲಿದ್ದುದು ಇದೇ ಡೈರಿ. ಲಕ್ಷ್ಮಿಬಾಯಿ ಸೊಸೆಯ ಪಾದ ಹಿಡಿದು ಕೂತಿದ್ದಾಳೆ. ಮುಳ್ಳು ಇಳಿಯುತ್ತಿದೆ. ಸಿಸ್ಟರ್ ಮೇಲಿನದು ಹೇಳಿದರು. ಬರೆದೆ. ಕೆಳಗಿನದಕ್ಕೆ ಇನ್ನೂ ಕಿವಿಗೊಟ್ಟಿದ್ದಾರೆ...

146/