ಶುಕ್ರವಾರದ ಕತ್ತಿ

ಮನೆಯಿಂದ,
ಹದಿನಾರನೇ ತಾರೀಖು, ಭಾನುವಾರ ಮಧ್ಯಾಹ್ನ

ನಮ್ಮ ಮನೆಯ ಇವರಿಗೆ,

ಹೇಗಿದ್ದೀರಿ? ಹಡಗಿನಲ್ಲಿ ತಲೆಸುತ್ತು ಕಡಿಮೆಯಾಯಿತೇ? ದಿನವಿಡೀ ನಿಂತು ಹಡಗಿನವರ ಗಡ್ಡ ತೆಗೆಯುತ್ತೀರಿ, ರಾತ್ರಿ ಕಾಲಿಗೆ ಹಚ್ಚಿಕೊಳ್ಳಿ ಅಂತ ಕೊಟ್ಟ ಎಣ್ಣೆಯ ಮುಚ್ಚಳವನ್ನಾದರೂ ತೆಗೆದಿದ್ದೀರೋ ಇಲ್ಲವೋ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಮಾವನ ಕೆಮ್ಮು ಹೋಗಿದೆ. ಫೋನಿರುವಾಗ ಇವಳಿಗೇನು ಕಾಗದದ ಹುಚ್ಚು ಅಂದುಕೊಳ್ಳುತ್ತೀರಿ. ಫೋನಿನಲ್ಲಿ ನಿಮಗೆ ಬೇಡದ ಮಾತು ಶುರುವಾದ ತಕ್ಷಣ ಸಿಗ್ನಲ್ ಹೋಗಿಬಿಡುತ್ತದೆ. ಕಾಗದಕ್ಕೆ ಆ ಕಾಯಿಲೆ ಇಲ್ಲ.

ನೀವು ಹೋದಮೇಲೆ ಸಲೂನು ಮುಚ್ಚಿಯೇ ಇತ್ತಲ್ಲ, ನನ್ನ ಹೊಲಿಗೆ ಮಿಷನ್ನನ್ನು ಅಲ್ಲಿಗೇ ಸಾಗಿಸಿದೆ. ಕಪಾಟು ಒರೆಸುವಾಗ ಬಿಸ್ಕತ್ತಿನ ಡಬ್ಬಿಯೊಂದು ಸಿಕ್ಕಿತು. ಒಳಗೆ ಮಾವನ ಕ್ಷೌರದ ಕತ್ತಿಗಳು: ವಾರಕ್ಕೆ ಏಳು, ಜೊತೆಗೆ ತುದಿ ಮುರಿದದ್ದು, ಹಿಡಿ ಸೀಳಿದ್ದು ಅಂತ ನಾಲ್ಕೈದು. "ಎಸೆದುಬಿಡಮ್ಮ, ಇನ್ಯಾಕೆ ಅವು?" ಅಂದರು ಮಾವ. ಒಂದು ಗುಂಡಿ ಎಸೆಯದವಳು ನಾನು, ಕತ್ತಿ ಎಸೆಯುತ್ತೇನೆಯೇ? ಸೀಮೆಎಣ್ಣೆಯಲ್ಲಿ ನೆನೆಸಿದೆ, ಸ್ಯಾಂಡ್‌ಪೇಪರಿನಿಂದ ತುಕ್ಕು ಉಜ್ಜಿದೆ. ಮೊದಲ ವಾರ ಮೂರು ಬೆರಳಿಗೆ ಬಟ್ಟೆ ಸುತ್ತಿಕೊಂಡು ಓಡಾಡಿದೆ, ನೋಡಿದ್ದರೆ ನಕ್ಕು ನಕ್ಕು ಸಾಯುತ್ತಿದ್ದಿರಿ. ಹಿಡಿ ಸೀಳಿದ್ದಕ್ಕೆ ನನ್ನ ಮುರಿದ ಮರದ ಸ್ಕೇಲನ್ನೇ ಕೊಯ್ದು ಹೊಸ ಹಿಡಿ ಹಾಕಿದೆ. ಇಂಚಿನ ಗೆರೆಗಳು ಅದರ ಮೇಲೆ ಹಾಗೇ ಇವೆ. ತುದಿ ಮುರಿದದ್ದನ್ನು ಮೋಟಾಗಿ ಉಜ್ಜಿ ಗುಂಡಿತೂತು ಕತ್ತರಿಸಲು ಇಟ್ಟುಕೊಂಡೆ. ಎಂಥಾ ಹರಿತ ಅಂತೀರಿ! ಯಾರೂ ಕಲಿಸದೆ ಮಾಡಿದೆನಲ್ಲ ಅಂತ ಸ್ವಲ್ಪ ಕೊಬ್ಬೂ ಬಂದಿತ್ತು.

ಆ ಕೊಬ್ಬಿನಲ್ಲೇ ಒಂದನ್ನು ಕೆಡಿಸಿದೆ. ಅದರ ಅಂಚಿನಲ್ಲಿ ದೊಡ್ಡ ಮುಕ್ಕಿತ್ತು. ಮಸೆಗಲ್ಲಿನ ಮೇಲೆ ಉಜ್ಜುತ್ತಾ ಕೂತರೆ ತಿಂಗಳಾಗುತ್ತದೆ ಅಂತ ರಸ್ತೆ ತಿರುವಿನ ಸಾಣೆ ಅಜ್ಜನ ಹತ್ತಿರ ಹೋಗಿ, ಅವರು ಬೇಡ ಬೇಡ ಅನ್ನುತ್ತಿದ್ದರೂ ಚಕ್ರಕ್ಕೆ ನಾನೇ ಹಿಡಿದೆ. ಮುಕ್ಕೇನೋ ಹೋಯಿತು, ಆದರೆ ಅಂಚಿನುದ್ದಕ್ಕೂ ಚೆಲ್ಲಿದ ಶಾಯಿಯ ಹಾಗೆ ನೀಲಿ ಬಂತು. ಅಜ್ಜ ತಲೆ ಚಚ್ಚಿಕೊಂಡರು. "ಸತ್ತೋಯ್ತಮ್ಮ ಅದು. ಬಿಸಿಗೆ ನೀಲಿ ಬಂತು ಅಂದ್ರೆ ಉಕ್ಕಿನ ಹದ ಹೋಯ್ತು ಅಂತ. ಇನ್ನು ಎಷ್ಟು ಮಸೆದ್ರೂ ಅಂಚು ನಿಲ್ಲಲ್ಲ. ಗಡ್ಡಕ್ಕೆ ಇಟ್ರೆ ಎಳೆಯುತ್ತೆ, ಒತ್ತಿದ್ರೆ ಜಾರುತ್ತೆ." ಪಾಠ ಕಲಿತೆ ಅಂದುಕೊಂಡು ಮನೆಗೆ ಬಂದೆ.

ಆಮೇಲೆ ವಾರದ ಏಳಕ್ಕೆ ಕೈ ಹಾಕಿದೆ. ಮಾವನ ಪದ್ಧತಿ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ದಿನಕ್ಕೊಂದು ಕತ್ತಿ, ಬುಡದಲ್ಲಿ ಅರದಿಂದ ಎಳೆದ ಗೀರು, ಭಾನುವಾರಕ್ಕೆ ಒಂದು, ಶನಿವಾರಕ್ಕೆ ಏಳು. ಹಿಂದಿನ ಸಂಜೆಯೇ ತಾವೇ ಮಸೆದಿಟ್ಟು, ಬೆಳಿಗ್ಗೆ ನೋಡದೆಯೇ ಎತ್ತಿಕೊಳ್ಳುವುದು. ಬೇರೆಯವರು ಮುಟ್ಟುವಂತಿಲ್ಲ. ಆರು ಗೀರಿನದು ಮಾತ್ರ ಬಟ್ಟೆಯಲ್ಲಿ ಸುತ್ತಿತ್ತು. ಆರು ವರ್ಷದ ಹಿಂದೆ ಮಾವ ಗಡ್ಡ ತೆಗೆಯುವಾಗ ಕತ್ತಿ ಜಾರಿ ಮೇಷ್ಟರ ಕೆನ್ನೆಗೆ ಏಳು ಹೊಲಿಗೆ ಬಿದ್ದ ಶುಕ್ರವಾರ ಅದನ್ನು ಸುತ್ತಿಟ್ಟವರು ಮತ್ತೆ ಬಿಚ್ಚಲೇ ಇಲ್ಲ. ನಾನು ಬಿಚ್ಚಿದೆ. ತುದಿಯ ಹತ್ತಿರ ನೀಲಿ. ಉಳಿದ ಆರರ ಪಕ್ಕದಲ್ಲಿಟ್ಟು ಟೇಪು ಹಿಡಿದೆ. ಅಲಗು ಒಂದು ನೂಲಿನಷ್ಟು ಕಿರಿದು.

ಅಜ್ಜನಿಗೆ ತೋರಿಸಿದೆ. ಪಾಪ, ನನಗೆ ಗೊತ್ತಿದೆ ಅಂತಲೇ ಅವರು ತಿಳಿದಿದ್ದರು. "ಆ ಶುಕ್ರವಾರ ಇದನ್ನ ಚಕ್ರಕ್ಕೆ ಹಿಡಿದಿದ್ದು ನಿಮ್ಮ ಯಜಮಾನ್ರೇ ಅಲ್ವಾ? ಬೆಳಿಗ್ಗೆ ಕೆಳಗೆ ಬೀಳಿಸ್ಬಿಟ್ಟೆ, ಮುಕ್ಕಾಯ್ತು, ಅಪ್ಪ ಬರೋದ್ರೊಳಗೆ ಇಡ್ಬೇಕು ಅಂತ ಓಡ್ಕೊಂಡು ಬಂದ್ರು. ನೀರಿಗೆ ಅದ್ದಿ ಅದ್ದಿ ಹಿಡೀರಿ ಅಂದೆ, ಕೇಳ್ಲಿಲ್ಲ."

ಬೀಳಿಸಿದ್ದು ತಪ್ಪಲ್ಲ ಮಾರಾಯರೇ. ಕೈಜಾರುವುದು ಯಾರಿಗಿಲ್ಲ? ಕೆಡಿಸಿದ್ದೂ ತಪ್ಪಲ್ಲ, ನಾನೂ ಕೆಡಿಸಿದೆ. ಆದರೆ ಆ ಸಂಜೆ ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ ಏನು ಹೇಳಿದಿರಿ? "ಅಪ್ಪನ ಕೈ ನಡುಗ್ತಿದೆ ಕಣೇ, ಇನ್ಮೇಲೆ ಅವರ ಕೈಗೆ ಚೂಪಾದ್ದೇನೂ ಕೊಡ್ಬೇಡ." ನಿಮ್ಮ ಮಾತನ್ನು ತಲೆಯ ಮೇಲೆ ಹೊತ್ತುಕೊಂಡೆ. ಆರು ವರ್ಷ ಆ ಮನುಷ್ಯನಿಗೆ ಹಣ್ಣು ನಾನೇ ಹೆಚ್ಚಿಕೊಟ್ಟೆ. ಸೂಜಿಗೆ ದಾರ ಪೋಣಿಸಿಕೊಡುತ್ತೇನೆ ಅಂದರೆ ಬೇಡ ಅಂದೆ. ಚೆಲ್ಲೀತು ಅಂತ ಕಾಫಿ ಅರ್ಧ ಲೋಟವೇ ಕೊಟ್ಟೆ. ಅವರು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತಾ ಕೂರುತ್ತಿದ್ದರು. ನಿಮ್ಮ ಸುಳ್ಳನ್ನು ದಿನಕ್ಕೆರಡು ಸಲ ಅವರಿಗೆ ಕುಡಿಸಿದವಳು ನಾನು. ನನ್ನ ಕಣ್ಣಿಗೂ ಮಣ್ಣೆರಚಿದಿರಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತಿದೆ. ನಿಮ್ಮ ಅಂಗಿಗೆ ಗುಂಡಿ ಹಾಕಲು ಕೂತರೂ ಕೈ ಬರುತ್ತಿಲ್ಲ.

ಮಾವನಿಗೆ ಇನ್ನೂ ಹೇಳಿಲ್ಲ. ಅಜ್ಜನ ಬಾಯನ್ನೂ ಮುಚ್ಚಿಸಿದ್ದೇನೆ.

ಬಂದರಿನಲ್ಲಿ ಇಳಿದರೆ ಕಂಡಕಂಡದ್ದು ತಿನ್ನಬೇಡಿ. ಸ್ವೆಟರ್ ಪೆಟ್ಟಿಗೆಯ ತಳದಲ್ಲಿದೆ. ಕೋಪಕ್ಕೂ ಥಂಡಿಗೂ ಸಂಬಂಧವಿಲ್ಲ, ಹಾಕಿಕೊಳ್ಳಿ. ಮಾವ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಅವರು ಹೇಳಿದ್ದನ್ನು ಬರೆಯುತ್ತಿದ್ದೇನೆ, ಅಷ್ಟೇ.

ಇಂತಿ,
ನಿಮ್ಮನ್ನು ನಂಬಿದ್ದವಳು

ಮರೆತಿದ್ದೆ: ಇವತ್ತು ಬೆಳಿಗ್ಗೆ ಮಾವನಿಗೆ ಕಾಫಿ ಕಂಠಮಟ್ಟ ತುಂಬಿಸಿ ಕೊಟ್ಟೆ. "ಅಯ್ಯೋ, ಚೆಲ್ಲುತ್ತಲ್ಲಮ್ಮ!" ಅಂತ ಹೆದರಿದರು. ಹಿಡೀರಿ ಮಾವ ಅಂದೆ. ಲೋಟ ಹಿಡಿದು ಹಜಾರ ದಾಟಿ ಜಗಲಿಯವರೆಗೆ ನಡೆದರು. ಹಿಂದೆಯೇ ಹೋಗಿ ನೆಲ ನೋಡಿದೆ, ಒಂದು ಹನಿ ಇಲ್ಲ. ಈ ಕಾಗದ ನಿಮ್ಮ ಕೈಸೇರಿದ ಮೊದಲ ಶುಕ್ರವಾರ ಫೋನ್ ಮಾಡಿ, ಅವರ ಕೈಗೇ ಕೊಡುತ್ತೇನೆ, ನೀವೇ ಹೇಳಿ. ಮುಂದಿನ ತಿಂಗಳು ಕಳೆಯುವುದರೊಳಗೆ ನಿಮ್ಮ ಫೋನ್ ಬರದಿದ್ದರೆ ಆರು ಗೀರಿನ ಕತ್ತಿಯನ್ನು ಬಿಚ್ಚಿ ಅವರ ಮುಂದಿಡುತ್ತೇನೆ. ಅದನ್ನು ನೋಡಿದಮೇಲೆ ಅವರಿಗೆ ಯಾರೂ ಏನೂ ಹೇಳಬೇಕಾಗಿಲ್ಲ.