ಐದನೇ ಗೇರಿನ ಒದೆತ

ನವೆಂಬರ್ ೪, ಸೋಮವಾರ

ಬೆಳಿಗ್ಗೆಯಿಂದ ಮೂರು ಗಾಡಿ. ಒಂದರ ಕ್ಲಚ್ ಪ್ಲೇಟ್, ಒಂದರ ಸೆಲ್ಫ್. ಮೂರನೆಯದು ಸವದತ್ತಿಯ ಹಣಮಂತಪ್ಪ ಸಾಹುಕಾರರ ಹೊಸ ಆಟೋಮ್ಯಾಟಿಕ್ ಲಾರಿ. ಕ್ಲಚ್ ಪೆಡಲ್ಲೇ ಇಲ್ಲದ್ದು. ರಾಮದುರ್ಗದ ಕಡೆಯಿಂದ ಬೈಲಹೊಂಗಲಕ್ಕೆ ಸಿಮೆಂಟ್ ತರುತ್ತದೆ. ಡ್ರೈವರ್ ಸಂಗೊಳ್ಳಿಯ ಶಟ್ಟೆಪ್ಪ, ಹೆಚ್ಚುಕಡಿಮೆ ನನ್ನದೇ ವಯಸ್ಸು.

"ಇಳಿಜಾರದಾಗ ಆರರಿಂದ ಐದಕ್ಕ ಬರೂಮುಂದ ಒದಿತೈತಿರಿ ಅಣ್ಣಾರ. ಶನಿವಾರ ಗೇರ ಹಿಡೀಲೇ ಇಲ್ಲ, ನ್ಯೂಟ್ರಲ್‌ಗೆ ಬಿತ್ತು" ಎಂದ.

ಸ್ಕ್ಯಾನರ್ ಹಾಕಿದೆ. ಸ್ಪೀಡ್ ಸೆನ್ಸರಿನ ಎರರ್ ಒಮ್ಮೆ ಬಂದು ಹೋಗಿದೆ ಅಂತ ತೋರಿಸಿತು — ಈಗ ಇಲ್ಲ. ಏರ್ ಪ್ರೆಶರ್ ಸರಿ. ಆಯಿಲ್ ಸರಿ. ಬ್ಯಾಟರಿ ಸರಿ. ಕಿತ್ತೂರು ರಸ್ತೆಯಲ್ಲಿ ನಾನೇ ಹತ್ತು ಕಿಲೋಮೀಟರ್ ಓಡಿಸಿದೆ. ಬೆಣ್ಣೆಯಿಂದ ಕೂದಲು ತೆಗೆದಷ್ಟು ನುಣ್ಣಗೆ ಗೇರ್ ಬಿದ್ದವು. ಎರರ್ ಅಳಿಸಿ ಕಳಿಸಿದೆ.

ಡಿಸೆಂಬರ್ ೩, ಮಂಗಳವಾರ

ಮತ್ತೆ ಅದೇ ಲಾರಿ, ಅದೇ ಆರರಿಂದ ಐದು. ನಿನ್ನೆ ಸವದತ್ತಿ ಗುಡ್ಡದ ಇಳಿಜಾರಿನಲ್ಲಂತೆ. ಸ್ಕ್ಯಾನರಿನಲ್ಲಿ ಮತ್ತೆ ಬಂದು ಹೋದ ಎರರ್. ನನ್ನ ಕೈಯಲ್ಲಿ ಮಾತ್ರ ಏನೂ ಆಗುವುದಿಲ್ಲ!

ಈ ಸಲ ಅವನಿಗೇ ಓಡಿಸು ಎಂದು ಪಕ್ಕದಲ್ಲಿ ಕೂತೆ. ಸಿಕ್ಕಿತು. ಗೇರ್ ಬದಲಾಗುವಾಗಲೆಲ್ಲ ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕುತ್ತದೆ, ಬಲಗಾಲು ಆಕ್ಸಿಲೇಟರ್ ಬಿಟ್ಟು ಒತ್ತುತ್ತದೆ. ಇಪ್ಪತ್ತೆಂಟು ವರ್ಷದ ರೂಢಿ. ಕಂಪ್ಯೂಟರ್ ತಬ್ಬಿಬ್ಬಾಗದೆ ಏನು ಮಾಡೀತು?

ಸಾಹುಕಾರರಿಗೆ ಫೋನ್ ಮಾಡಿದೆ. "ಗಾಡಿದೋ, ಡ್ರೈವರ್‌ದೋ? ಒಂದ ಬರದ ಕೊಡು ಬಸವಣ್ಣೆಪ್ಪ" ಎಂದರು.

ಬರೆದೆ. 'ವಾಹನದಲ್ಲಿ ದೋಷವಿಲ್ಲ. ಚಾಲಕನಿಗೆ ಆಟೋಮ್ಯಾಟಿಕ್ ಓಡಿಸುವ ರೂಢಿಯಿಲ್ಲ.' ಕೆಳಗೆ ಗ್ಯಾರೇಜಿನ ಶಿಕ್ಕಾ ಒತ್ತಿದೆ.

ಡಿಸೆಂಬರ್ ೫

ಶಟ್ಟೆಪ್ಪನನ್ನು ಗಾಡಿಯಿಂದ ಇಳಿಸಿದ್ದಾರೆ. ಸಂಜೆ ಬಂದಿದ್ದ. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೂ ಹಗುರವಾಗುತ್ತಿತ್ತು.

"ನೀವ ಬರದ ಕೊಟ್ಟೀರಂತ. ಹೌದೇನ್ರಿ?"

"ಹೌದು."

"ಇನ್ನ ಮುಂದ ಬರೂವೆಲ್ಲಾ ಇಂಥಾವ ಗಾಡಿ. ಈ ಸುದ್ದಿ ಕೇಳಿದ ಮ್ಯಾಲೆ ನನ್ನ ಯಾರ ಹತ್ತಿಸ್ಕೋತಾರ?"

ಕುಣಿಯಲಿಕ್ಕೆ ಬಾರದವಳು ನೆಲ ಡೊಂಕು ಅಂದಳಂತೆ ಎಂದುಬಿಟ್ಟೆ. ಗ್ಯಾರೇಜಿನಲ್ಲಿದ್ದವರು ನಕ್ಕರು. ಅವನು ಎದ್ದು ಹೋದ. ನನ್ನ ನಾಲಿಗೆಗೆ ಎಲುಬಿಲ್ಲ, ಗೊತ್ತು. ಆದರೆ ನಿಜ ನಿಜವೇ.

ಜನವರಿ ೧, ಬುಧವಾರ

ಹೊಸ ವರ್ಷದ ಮೊದಲ ಗಾಡಿ… ಅದೇ ಲಾರಿ.

ಹೊಸ ಡ್ರೈವರ್ ಸಾಗರ. ಆಟೋಮ್ಯಾಟಿಕ್ ಮೇಲೆಯೇ ಕಲಿತವನು, ಕ್ಲಚ್ ಹುಡುಕುವ ಕಾಲಲ್ಲ ಅವನದು. ಚಹಾ ಮುಟ್ಟದೆ ಹೇಳಿದ. ನಿನ್ನೆ ಗುಡ್ಡ ಇಳಿಯುವಾಗ ಆರರಿಂದ ಐದಕ್ಕೆ ಹೋಗದೆ ನ್ಯೂಟ್ರಲ್. ಇಪ್ಪತ್ತೈದು ಟನ್ ಸಿಮೆಂಟ್ ಹಿಂದಿನಿಂದ ನೂಕುತ್ತಿದೆ. ಬ್ರೇಕ್ ಸುಟ್ಟ ವಾಸನೆ. ಕೊನೆಗೆ ಒಂದು ಹೊಲದ ಒಡ್ಡಿಗೆ ಹತ್ತಿಸಿ ನಿಲ್ಲಿಸಿದ.

"ಮುಂದ ಸಾಲಿ ಮಕ್ಕಳ ಟೆಂಪೋ ಇತ್ತರಿ ಕಾಕಾ" ಎಂದ.

ಇಡೀ ದಿನ ಹುಡುಕಿದೆ. ಏನೂ ಇಲ್ಲ. ಗಾಡಿ ನನ್ನನ್ನು ನೋಡಿ ನಗುತ್ತಿದೆ ಅನ್ನಿಸಿತು. ಹೆದರಿಕೆ ಗಾಡಿಯದ್ದಲ್ಲ. ನಾನು ಕೊಟ್ಟ ಚೀಟಿಯದ್ದು.

ಜನವರಿ ೨, ಬೆಳಿಗ್ಗೆ ೭

ನನ್ನ ಹೆಂಡತಿ ಬಾಯವ್ವ ರೊಟ್ಟಿ ಬಡಿಯುತ್ತ ಕೇಳಿದಳು: "ಅಮಾಸಿ ಮುಗೀತಂದ್ರ ಬರತೈತಲ್ಲರಿ ಆ ಗಾಡಿ. ಯಾರರ ಏನರ ಮಾಡಿಸ್ಯಾರೇನು?"

ಮಾಟಮಂತ್ರ ನಿನ್ನ ತಲೆಯಲ್ಲಿ ಎಂದು ರೇಗಿದೆ. ಆಮೇಲೆ ಈ ಡೈರಿ ತೆಗೆದು ಕ್ಯಾಲೆಂಡರ್ ಪಕ್ಕದಲ್ಲಿಟ್ಟೆ. ದೀಪಾವಳಿ ಅಮಾವಾಸ್ಯೆ ಆದ ಮರುದಿನ. ಡಿಸೆಂಬರಿನ ಅಮಾವಾಸ್ಯೆ ಆದ ಮರುದಿನ. ಎಳ್ಳಮಾವಾಸ್ಯೆ ಆದ ಮರುದಿನ. ಮೂರೂ ಸಲ ಗೇರ್ ತಪ್ಪಿದ್ದು ಆಗಲೇ.

ಅಮಾವಾಸ್ಯೆಗೆ ನಮ್ಮ ಕಡೆ ಯಾವ ಡ್ರೈವರ್ ಗಾಡಿ ಪೂಜೆ ಬಿಡುತ್ತಾನೆ? ಪೂಜೆಗೆ ಮೊದಲು ತೊಳೆಸಬೇಕು. ಪ್ರೆಶರ್ ಪಂಪ್ ಹಿಡಿದು, ಚಾಸಿಯ ಕೆಳಗೂ ಬಿಡದೆ. ನೀರು! ನನ್ನ ಹತ್ತಿರ ಬರುವ ಹೊತ್ತಿಗೆ ಒಣಗಿರುತ್ತದೆ.

ಅದೇ ದಿನ, ಮಧ್ಯಾಹ್ನ

ಲಾರಿಯ ಕೆಳಗೆ ಮಲಗಿ ಗೇರ್ ಬಾಕ್ಸಿನ ಸೆನ್ಸರ್ ವೈರಿನ ಮೇಲೆ ನೀರಿನ ಪೈಪ್ ಹಿಡಿದೆ. ನಾನು ಹೊರಗೆ ಬಂದ ಮೇಲೆ ಸಾಗರ ಯಾರ್ಡಿನಲ್ಲಿ ಒಂದು ಸುತ್ತು ಹೊಡೆದ. ಗೇರ್ ಒದೆಯಿತು. ಎರಡನೇ ಸುತ್ತಿಗೆ ಡಿಸ್‌ಪ್ಲೇನಲ್ಲಿ 'N', ನ್ಯೂಟ್ರಲ್.

ವೈರು ಕೂಡುವ ಕನೆಕ್ಟರ್ ಬಿಚ್ಚಿದೆ. ಪಿನ್ನುಗಳ ಮೇಲೆ ಹಸಿರು ಕಿಲುಬು. ನೀರು ತಡೆಯುವ ರಬ್ಬರ್ ರಿಂಗ್ ಇಲ್ಲ. ಅದರ ಜಾಗದಲ್ಲಿ ಕಪ್ಪು ಟೇಪ್ ಸುತ್ತಿದೆ. ಟೇಪಿನ ತುದಿಯನ್ನು ಮಡಚಿ ಒಳಗೆ ಸೇರಿಸಿದ್ದಾರೆ. ಹಾಗೆ ಮಡಚುವವನು ಬೈಲಹೊಂಗಲದಲ್ಲಿ ಒಬ್ಬನೇ.

ಹಿಂದಿನ ಪುಟ ತಿರುವಿದೆ. ಅಕ್ಟೋಬರ್ ೨೧, ನನ್ನದೇ ಅಕ್ಷರ: 'ಹಣಮಂತಪ್ಪನವರ ಲಾರಿಗೆ ರಿವರ್ಸ್ ಹಾರ್ನ್ ಕೂಡಿಸಿದೆ. ಗೇರ್ ಬಾಕ್ಸಿನ ಕನೆಕ್ಟರ್ ಬಿಚ್ಚುವಾಗ ರಿಂಗ್ ಹರಿಯಿತು. ಸದ್ಯಕ್ಕೆ ಟೇಪ್.'

ಸದ್ಯಕ್ಕೆ! ಥೂ ನನ್ನ ಜನ್ಮಕ್ಕೆ.

ಜನವರಿ ೪

ಹುಬ್ಬಳ್ಳಿಯಿಂದ ಹೊಸ ಕನೆಕ್ಟರ್ ತಂದು ಹಾಕಿದೆ. ಅರ್ಧ ಗಂಟೆ ನೀರು ಹೊಡೆದು ಖಾಲಿ ಗಾಡಿ ಓಡಿಸಿದೆ. ಸರಿಯಿದೆ.

ಸಾಹುಕಾರರಿಗೆ ಎಲ್ಲ ಹೇಳಿದೆ. ಸುಮ್ಮನೆ ಕೇಳಿದರು. "ಗಾಡಿ ರಿಪೇರಿ ಆತಲ್ಲ, ಬಿಡು. ಆ ಚೀಟಿ ಹರದ ಒಗಿತೇನಿ. ಯಾರ ಮುಂದೂ ಆಡಬ್ಯಾಡ, ನಿನ್ನ ಗ್ಯಾರೇಜಿನ ಹೆಸರ ಕೆಡತೈತಿ."

ತಲೆ ಆಡಿಸಿ ಬಂದೆ. ಮೂವತ್ತು ವರ್ಷದ ಹೆಸರು. ಹೋದರೆ ತಿರುಗಿ ಬರುವುದಿಲ್ಲ. ಶಟ್ಟೆಪ್ಪನ ಹೆಸರು ಮಾತ್ರ ಹೋದರೆ ಬರುತ್ತದೆಯೇ?

ಜನವರಿ ೬, ಸೋಮವಾರ

ಸಂಗೊಳ್ಳಿಗೆ ಹೋಗಿದ್ದೆ. ಶಟ್ಟೆಪ್ಪ ಮನೆಯಲ್ಲಿ ಇರಲಿಲ್ಲ. ಅವನ ಹೆಂಡತಿ ಕೃಷ್ಣವ್ವ ಹೊಲದ ದಾರಿ ತೋರಿಸಿದಳು. ಬೇರೆಯವರ ಲಾರಿಗೆ ಕಬ್ಬಿನ ಹೊರೆ ಏರಿಸುತ್ತಿದ್ದ. ಐವತ್ತೆರಡು ವರ್ಷದವನು, ಹೊರೆ ಹೊತ್ತು ಹಲಗೆ ಹತ್ತುತ್ತಿದ್ದ.

ಅಲ್ಲೇ, ಕಬ್ಬು ಕಡಿಯುವವರೆಲ್ಲರ ಎದುರು ಹೇಳಿದೆ. ಗಾಡಿಯದೂ ಅಲ್ಲ, ನಿನ್ನದೂ ಅಲ್ಲ, ತಪ್ಪು ನನ್ನ ಕೈಯದು. ಅವನನ್ನು ಆಡಿಕೊಂಡದ್ದು ನಾಲ್ಕು ಜನರ ಮುಂದೆ. ಹೇಳುವುದೂ ಹಾಗೇ ಆಗಬೇಕಿತ್ತು. ಸಾಹುಕಾರರ ಜೊತೆ ಮಾತಾಡಿದ್ದೇನೆ, ಗಾಡಿ ನಿನ್ನದೇ, ಬಾ ಎಂದೆ. ನಿಜಕ್ಕೂ ಹೊರಡುವ ಮೊದಲು ಜಗಳವಾಡಿಯೇ ಒಪ್ಪಿಸಿದ್ದೆ. ಸಾಗರನಿಗೂ ಆ ಗಾಡಿ ಸಾಕಾಗಿತ್ತು.

ಹೊರೆ ಇಳಿಸಿ, ಕಬ್ಬಿನ ಒಣ ಸೋಗೆಯ ರವದಿ ತುಳಿಯುತ್ತ ಹತ್ತಿರ ಬಂದ.

"ನನಗೂ ಅನಸಾಕತ್ತಿತ್ತರಿ… ನನ್ನ ಕಾಲ ಹೋದೂ ಅಂತ. ರಾತ್ರಿ ಹಾಸಗ್ಯಾಗ ಕ್ಲಚ್ ಒತ್ತತಿದ್ದೆ."

ತಲೆಯ ಟವೆಲ್ ಬಿಚ್ಚಿ ಕೊಡವಿದ.

"ಬರತೇನಿ. ಆದ್ರ ಒಂದ ಮಾತು. ಬರೂ ಅಮಾಸಿಗೆ ಪಂಪ್ ಹಚ್ಚಿ ತೊಳಸ್ತೇನಿ. ಮರದಿನ ಲೋಡ್ ಹಾಕ್ಕೊಂಡ ಅದ ಗುಡ್ಡಾ ಇಳಸ್ತೇನಿ. ನೀವ ನನ್ನ ಬಾಜೂಕ ಕುಂದರಬೇಕು."

ಆಯಿತು ಎಂದೆ.

ಜನವರಿ ೩೦, ಗುರುವಾರ, ಬೆಳಿಗ್ಗೆ ೯.೪೦

ಲಾರಿಯಲ್ಲೇ ಬರೆಯುತ್ತಿದ್ದೇನೆ. ಗುಡ್ಡದ ನೆತ್ತಿ. ಸ್ಕ್ಯಾನರ್ ತೊಡೆಯ ಮೇಲೆ, ಗೇರ್ ಮತ್ತು ಸ್ಪೀಡ್ ಗುರುತು ಹಾಕಿಕೊಳ್ಳಬೇಕು. ನಿನ್ನೆ ಅಮಾವಾಸ್ಯೆ. ಶಟ್ಟೆಪ್ಪ ಒಂದು ತಾಸು ತೊಳೆಸಿದ್ದಾನೆ, ಚಾಸಿಯಿಂದ ಇನ್ನೂ ಹನಿ ಬೀಳುತ್ತಿತ್ತು. ಹಿಂದೆ ಇಪ್ಪತ್ತೈದು ಟನ್. ಬಾಯವ್ವನಿಗೆ ಹೇಳದೆ ಬಂದೆ.

೯.೪೬. ಇಳಿಜಾರು ಶುರು. ಎಂಟನೇ ಗೇರ್. ಎಡಗಾಲನ್ನು ಸೀಟಿನ ಬುಡಕ್ಕೆ ಒತ್ತಿ ಇಟ್ಟುಕೊಂಡಿದ್ದಾನೆ, ಅಲುಗಾಡಿಸುತ್ತಿಲ್ಲ. ಏಳು. ಎದುರಿಗೆ ಬಸ್ಸು, ದಾಟಿತು. ಎರರ್ ಇಲ್ಲ. ನನ್ನ ಅಂಗೈ ಬೆವರಿ ಪೆನ್ನು ಜಾರುತ್ತಿದೆ.

ಆರು. ನಲವತ್ತು ಸ್ಪೀಡ್. ತಿರುವು. ಮೂವತ್ತೈದು…

ಐದು. ಹಿಡಿಯಿತು! ಒದೆಯಲಿಲ್ಲ. ಅವನ ಕಡೆ ತಿರುಗಿದೆ. ಅವನು ನನ್ನ ಕಡೆ ನೋಡಲಿಲ್ಲ, ಕಣ್ಣು ಮಾತ್ರ ತುಂಬಿವೆ.

ಇನ್ನೂ ಎರಡು ತಿರುವು ಇವೆ. "ಅಣ್ಣಾರ, ನೀವ ಬರದದ್ದ ಸಾಕರಿ. ಅದನ್ನ ಮುಚ್ಚಿ ನನ್ನ ಕೂಡ ದಾರಿ ನೋಡ್ರಿ" ಎಂದ. ಮುಚ್ಚುತ್ತಿದ್ದೇನೆ.