ಕಲ್ಲಿನ ಮೇಲೊಂದು ಬಾಣದ ಗುರುತು

ನೆಲೆ ಕಟ್ಟಿದ ನೂರ ಎಂಬತ್ತನೆಯ ವರ್ಷ, ಎರಡನೆಯ ಆಷಾಢದ ಮೂವತ್ತನಾಲ್ಕನೆಯ ದಿನ
ಸ್ಥಳ: ಹೊಸದಂಡೆ, ಮಲಪ್ರಭೆಯ ಬಡಗಣ ದಡ

ಮಲಪ್ರಭೆಯ ಆಸುಪಾಸಿನಲ್ಲಿ ಇನ್ನೂ ಹಳೆಯ ಊರುಗಳಲ್ಲೇ ವಾಸವಾಗಿರುವ ನಮ್ಮ ಪೂರ್ವಿಕರ ಸನ್ನಿಧಾನಕ್ಕೆ,

ಹೊಸದಂಡೆಯ ನಿವಾಸಿ ಚನ್ನಮಲ್ಲಪ್ಪ ಹಾದಿಮನಿ ಮಾಡಿಕೊಳ್ಳುವ ಅರಿಕೆ ಏನೆಂದರೆ: ಮೇಲಿನ ತಾರೀಖು ತಮ್ಮ ಪಂಚಾಂಗದಲ್ಲಿ ಸಿಗಲಾರದು, ನನ್ನ ಕೆಲವು ಮಾತುಗಳು ತಮ್ಮ ಕಿವಿಗೆ ಒರಟಾಗಿ ಕೇಳಬಹುದು. ಎರಡನ್ನೂ ಮನ್ನಿಸಬೇಕು. ಹಳೆಯ ಅರ್ಜಿಗಳನ್ನು ನಕಲು ಮಾಡುತ್ತಲೇ ನಾನು ಬರವಣಿಗೆ ಕಲಿತವನು. ನಾನು ಬರೆದ ಅರ್ಜಿಯನ್ನು ಅರ್ಥವಾಗಲಿಲ್ಲವೆಂದು ಯಾವ ಕಛೇರಿಯೂ ಈವರೆಗೆ ಹಿಂದಿರುಗಿಸಿಲ್ಲ. ಆದ್ದರಿಂದ ಈ ಹಿಮ್ಮೊಗದ ಓಲೆಯನ್ನು, ಅಂದರೆ ಕಳೆದ ಕಾಲಕ್ಕೆ ಕಳಿಸುವ ಪತ್ರವನ್ನು, ಬರೆಯಲು ನೆಲೆಯವರು ನನ್ನನ್ನೇ ಆರಿಸಿದ್ದಾರೆ. ತಾವು ಇದನ್ನು ಓದುತ್ತೀರೋ ಇಲ್ಲವೋ ಎಂಬ ಅನುಮಾನ ನನಗಿದೆ. ಅದನ್ನು ಮುಚ್ಚಿಡುವುದಿಲ್ಲ.

ಮುಂದೊಂದು ದಿನ ನೆರೆ ಬಂದು ತಮ್ಮ ಊರುಗಳು ಮುಳುಗುತ್ತವೆ. ಉಳಿದವರು ಇಲ್ಲಿ ನೆಲೆ ಕಟ್ಟಿ, ಸುತ್ತಲ ನಾಡನ್ನು ಒಂದು ಚಪ್ಪಡಿಯ ಮೇಲೆ ಕೆತ್ತುತ್ತಾರೆ. ಆ ಚಪ್ಪಡಿ ಇಂದಿಗೂ ನಮ್ಮ ಚಾವಡಿಯ ಮುಂದಿದೆ. ಅದರ ಸುತ್ತ ಕೂತು ಮಕ್ಕಳು ಕಲಿಯುವುದನ್ನು ನಾವು ನೆಲಪಾಠ ಎನ್ನುತ್ತೇವೆ. ತಾವು ಭೂಗೋಳವೆನ್ನುವುದು ಇದನ್ನೇ ಇರಬೇಕು. ಮಕ್ಕಳು ಹೊಳೆಯ ಗೀರಿನಲ್ಲಿ ನೀರು ಹೊಯ್ಯುತ್ತಾರೆ, ಎತ್ತರದ ಮಡ್ಡಿ ಇರುವಲ್ಲಿ ಕೆಮ್ಮಣ್ಣು ಗುಡ್ಡೆ ಹಾಕುತ್ತಾರೆ, ತಗ್ಗಿನ ಹೊಲಗಳಿಗೆ ಕಪ್ಪು ಎರೆಮಣ್ಣು ಹರಡುತ್ತಾರೆ, ಮನೆಗೊಂದು ಜೋಳದ ಕಾಳು ಇಡುತ್ತಾರೆ. ಚಪ್ಪಡಿಯ ಮೇಲಿನ ಹೆಬ್ಬೆರಳಗಲವೆಂದರೆ ನೆಲದ ಮೇಲೆ ಒಂದು ಕೂಗಳತೆ. ಅದನ್ನು ನಂಬದ ಮಗು ಎದ್ದು ಹೋಗಿ ದೂರದಿಂದ ಕೂಗಬಹುದು. ನಂಬದಿರುವುದನ್ನು ನಾವು ತಪ್ಪೆಂದು ಎಣಿಸುವುದಿಲ್ಲ. ಇವತ್ತಿನ ಮಳೆ ಬೇರೆ, ಒಂದು ಸೀಮೆಯ ಹವೆ ಬೇರೆ ಎಂದೂ ಹೇಳಿಕೊಡುತ್ತೇವೆ. ಹವೆ ತಿಳಿಯಬೇಕಾದರೆ ತಾತ ಮುತ್ತಾತಂದಿರು ಕಂಡ ಮಳೆಯನ್ನೂ ಕೇಳಿ ತಿಳಿಯಬೇಕು. ಗಡಿಯನ್ನು ಮಾತ್ರ ಬೂದಿಯಿಂದ ಎಳೆಸುತ್ತೇವೆ. ಹೊಳೆ, ಮಡ್ಡಿ, ಮಣ್ಣು ನೆಲದಲ್ಲೇ ಇರುವಂಥವು. ಗಡಿ ಮನುಷ್ಯರ ಒಪ್ಪಂದ, ಗಾಳಿ ಬಂದರೆ ಹಾರುವಂಥದು ಎಂದು ಮಕ್ಕಳಿಗೆ ತಿಳಿಯಲೆಂದು.

ಇಷ್ಟೆಲ್ಲ ಕಲಿಸುವ ಚಪ್ಪಡಿಯಲ್ಲಿ ಒಂದು ಸಂಗತಿ ಇಲ್ಲ. ಮೇಲಿನ ಅಂಚು ಯಾವ ದಿಕ್ಕು ಎಂಬುದನ್ನು ಕೆತ್ತಿದವರು ಗುರುತಿಸಲಿಲ್ಲ. ನೆರೆಯಿಂದ ಪಾರಾದವರು ನೀರು ಬರುವ ಪಡುವಣಕ್ಕೆ ಮುಖಮಾಡಿ ಕೂತು ಕೆತ್ತಿದರು. ಹಾಗಾಗಿ ನಮ್ಮಲ್ಲಿ ಪಟದ ಮೇಲ್ಭಾಗವೆಂದರೆ ಪಡುವಣ, ಬಲಗೈ ಕಡೆ ಬಡಗಣ. ಹೊಳೆ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಊರಿನ ಬೆನ್ನಿಗಿರುವ ಕೆಂಪುಮಡ್ಡಿ ಬಲಕ್ಕಿದೆ. ನೆರೆ ಬಂದಾಗಲೆಲ್ಲ ನಾವು ಹತ್ತಿ ಜೀವ ಉಳಿಸಿಕೊಂಡಿರುವುದು ಆ ಮಡ್ಡಿಯನ್ನೇ.

ಆಕಾಶದಿಂದ ನೆಲ ನೋಡುತ್ತಿದ್ದ ಯಂತ್ರಗಳು ಉರಿದು ಬಿದ್ದ ಮೇಲೆ, ರಾಜಧಾನಿಯ ಪಟದ ಕಛೇರಿಯು ಊರೂರಿನ ಚಿತ್ರಗಳನ್ನು ತರಿಸಿ, ಹೊಲಿದು, ಒಟ್ಟುಪಟವನ್ನು ಸಿದ್ಧಪಡಿಸಿತು. ಒಟ್ಟುಪಟವೆಂದರೆ ಇಡೀ ನಾಡಿಗೆ ಒಂದೇ ನಕ್ಷೆ. ನಮ್ಮ ಚಪ್ಪಡಿಯ ಮೇಲೂ ಬಟ್ಟೆ ಹಾಸಿ, ಇದ್ದಿಲು ತಿಕ್ಕಿ ಪಡಿಯಚ್ಚು ಒಯ್ದರು. ಆ ಅಚ್ಚನ್ನು, ಮೇಲಿನ ಅಂಚು ಬಡಗಣಕ್ಕೆ ಬರುವಂತೆ, ಕಾಲು ಸುತ್ತು ತಿರುಗಿಸಿ ಹೊಲಿದಿದ್ದಾರೆ. ನಮ್ಮ ಮಡ್ಡಿ ಈಗ ಮೂಡಣಕ್ಕೆ ಹೋಗಿದೆ. ಅಲ್ಲಿ ನಿಜವಾಗಿ ಇರುವುದು ಎಲ್ಲಕ್ಕಿಂತ ಮೊದಲು ಮುಳುಗುವ ಎರೆಹೊಲ. ನೆರೆಕೊಂಬು ಊದಿದಾಗ ದೋಣಿ, ದವಸ, ವೈದ್ಯರು ಎಲ್ಲವೂ ಅಲ್ಲಿಗೇ ಹೋಗತಕ್ಕದ್ದೆಂದು ಆದೇಶವಾಗಿದೆ.

ಈ ಬಗ್ಗೆ ನಾನು ಅರ್ಜಿ ಬರೆದೆ. ಕಛೇರಿಯಿಂದ ಜುಲೇಖಾ ಮುಲ್ಲಾ ಎಂಬ ಅಧಿಕಾರಿ ಬಂದರು. ಚಪ್ಪಡಿಯ ಸುತ್ತ ಒಂದು ಸುತ್ತು ಹಾಕಿ, ಮೇಲೆಂದರೆ ಯಾವ ದಿಕ್ಕು ಎಂದು ಕೇಳಿದರು. ನಮ್ಮ ನೆಲೆಯ ಹಿರಿಯಳಾದ ನೀಲವ್ವ ನಕ್ಕಳು.

“ನೀರು ಬರೂ ಕಡೆ ಮ್ಯಾಲ ರೀ, ಬಾಯಾರ. ನಿಮ್ಮೂರಾಗ ನೀರು ತಗ್ಗಿನಿಂದ ದಿಬ್ಬ ಹತ್ತತೈತೇನು?”

“ಎಲ್ಲಾ ಕಡೆ ಪಟದ ಮ್ಯಾಲ ಅಂದ್ರ ಬಡಗಣ ರೀ, ಯವ್ವಾ.”

“ಎಲ್ಲಾ ಕಡೆ ಅಂದ್ರ ಎಲ್ಲಿ? ನಮ್ಮನ್ಯಾರೂ ಕೇಳಲಿಲ್ಲಲ್ಲ.”

ನೀಲವ್ವ ಒಂದು ಕೊಡ ನೀರು ಹೊತ್ತು, ಅವರನ್ನು ಮೂಡಣದ ಹೊಲಕ್ಕೆ ಕರೆದೊಯ್ದಳು. ನಾನೂ ಹಿಂದೆ ಹೋದೆ. ಆದೇಶದಲ್ಲಿ ಹೇಳಿದ ಜಾಗದಲ್ಲೇ ಕೊಡ ಬೋರಲು ಹಾಕಿ, “ಎಲ್ಲಿ ಹರೀತೈತಿ, ತೋರಸ್ರಿ” ಎಂದಳು. ನೀರು ಎತ್ತಲೂ ಹರಿಯಲಿಲ್ಲ. ಅಧಿಕಾರಿಯ ಚಪ್ಪಲಿಗಳ ಸುತ್ತ ನಿಂತಿತು. ಅವರು ಕೆಸರಿನಿಂದ ಕಾಲು ಕಿತ್ತುಕೊಂಡರು.

“ನನಗ ತಿಳೀತು ರೀ ಅಜ್ಜಾರ,” ಎಂದರು ನನ್ನತ್ತ ತಿರುಗಿ. “ಆದ್ರ ಮುದ್ರಿ ಬಿದ್ದ ಪಟ ತಿರುಗಸಬೇಕಂದ್ರ ಮೂಲದ ಕಲ್ಲಿನ್ಯಾಗ ದಿಕ್ಕಿನ ಗುರುತು ಇರಬೇಕು. ನೀವು ಈಗ ಕೆತ್ತಿದ್ರ ಹೊಸಾ ಗೀರು ಅಂತ ತಳ್ಳಿಹಾಕ್ತಾರ.”

ಆ ಹೆಣ್ಣುಮಗಳ ಮಾತನ್ನು ನಾನು ನಂಬುತ್ತೇನೆ. ಅವರ ಕಛೇರಿಯನ್ನು ನಂಬಲಾರೆ. ಕಾರಣ ಹೀಗಿದೆ: ಒಟ್ಟುಪಟದಲ್ಲಿ ಪಡುವಣದ ಹೊಳೆ ನಮ್ಮ ಬಡಗಣಕ್ಕೆ ಬಂದಿದೆ, ಅಲ್ಲಿ ನೀರು ಬಿಟ್ಟರೆ ನೆಲವೇ ಇಲ್ಲ. ಹಾಗಿದ್ದೂ ಅದೇ ಬಡಗಣದ ಮಡ್ಡಿಯನ್ನು ವಿದ್ಯುತ್ತಿಗಾಗಿ ಗಾಳಿಕಂಬ ನೆಡುವವರಿಗೆ ಕೊಡಲಾಗಿದೆ, ಅದರ ಸುತ್ತ ತಂತಿಬೇಲಿ ಎದ್ದಿದೆ, ಕಾವಲಿನವರು ನಮ್ಮನ್ನು ಹತ್ತಗೊಡುವುದಿಲ್ಲ. ನಡುಹೊಳೆಯಲ್ಲಿ ಕಂಬ ನೆಡಲು ಬೇಲಿ ಹಾಕುವವರು ಯಾರು? ಅಲ್ಲಿ ಒಣ ನೆಲವಿದೆಯೆಂದು ಬಲ್ಲವರು ಯಾರೋ ಇದ್ದಾರೆ. ಪಟ ತಪ್ಪಿ ತಿರುಗಿತೋ, ತಿರುಗಿಸಿದರೋ, ನಾನು ಹೇಳಲಾರೆ. ಆದರೆ ಯಾವ ಪಟವೂ ತಾನಾಗಿ ಹುಟ್ಟುವುದಿಲ್ಲ. ಯಾರೋ ಒಬ್ಬರು ಎಲ್ಲಿಯೋ ನಿಂತು, ಒಂದು ಕಡೆಗೆ ಮುಖಮಾಡಿ, ಕೆಲವನ್ನು ಬರೆದು ಕೆಲವನ್ನು ಬಿಟ್ಟಿರುತ್ತಾರೆ. ತಮ್ಮ ಮಕ್ಕಳಿಗೆ ಭೂಗೋಳದ ಮೊದಲ ಪಾಠವಾಗಿ ಸಾಗರ ಖಂಡಗಳ ಹೆಸರಿಗಿಂತ ಮುಂಚೆ ಇದನ್ನು ಕಲಿಸಬೇಕೆಂದು ಕೋರುತ್ತೇನೆ.

ಅದಕ್ಕಿಂತ ಮುಖ್ಯವಾದ ಪ್ರಾರ್ಥನೆ ಒಂದೇ. ನೆರೆ ಇಳಿದ ಮೇಲೆ ತಾವಾಗಲಿ ತಮ್ಮ ಮಕ್ಕಳಾಗಲಿ ಈ ಚಪ್ಪಡಿಯ ಮುಂದೆ ಉಳಿ ಹಿಡಿದು ಕೂರುವಿರಿ. ಆಗ ಬಲ ಅಂಚಿನಲ್ಲಿ ಒಂದು ಬಾಣ ಕೆತ್ತಿ, ಅದರ ತುದಿಗೆ ಬಡಗಣ ಎಂದು ಬರೆಯುವ ಕೃಪೆ ಮಾಡಬೇಕು. ದಿಕ್ಕು ಎಲ್ಲರಿಗೂ ಗೊತ್ತಲ್ಲವೇ ಎಂದು ತಮ್ಮಲ್ಲಿ ಯಾರಾದರೂ ನಕ್ಕರೆ, ಅವರ ಮಾತು ಕೇಳಬಾರದು.

ತಾವು ಕೆತ್ತಿದ್ದೇ ಆದರೆ ಆ ಬಾಣ ಈ ಕ್ಷಣವೇ ನನ್ನ ಮುಂದಿನ ಕಲ್ಲಿನಲ್ಲಿ, ನೂರಾರು ಮಳೆ ಕಂಡ ಹಳೆಯ ಗೀರಾಗಿ ಕಾಣಬೇಕು. ಇದಿಷ್ಟು ಬರೆದು, ಎದ್ದು ಹೋಗಿ ನೋಡಿ ಬಂದೆ. ಬಲ ಅಂಚು ನುಣುಪಾಗಿಯೇ ಇದೆ. ಪಡುವಣದಲ್ಲಿ ಮೋಡ ಕಟ್ಟಿದೆ. ನೀಲವ್ವ ನೆರೆಕೊಂಬನ್ನು ಒರೆಸಿ ಮೊಣಕಾಲ ಮೇಲೆ ಇಟ್ಟುಕೊಂಡಿದ್ದಾಳೆ. ಕಲ್ಲಿಗೆ ಪಾಚಿ ಹಿಡಿದಿದೆ. ಅದನ್ನು ಕೆರೆದು ಮತ್ತೊಮ್ಮೆ ನೋಡುತ್ತೇನೆ.

ತಮ್ಮ ಉತ್ತರವನ್ನು ಬೆರಳಿನಿಂದ ತಡವಿ ಹುಡುಕುತ್ತಿರುವ,
ಚನ್ನಮಲ್ಲಪ್ಪ ಹಾದಿಮನಿ